ಉಣುಗು ಕಿತ್ತರೆ ಬಿದ್ದ ನಾಯಿ ಎದ್ದು ನಿಲ್ಲುತ್ತದೆಯೇ? ಉಣುಗು ಯಾವ ದೇಶದ್ದು ಎಂದು ಮೊದಲು ಕೇಳಿ

ಚೆನ್ನಾಗಿ ಓಡಾಡಿಕೊಂಡಿದ್ದ ನಾಯಿಯ ಹಿಂಗಾಲು ಇದ್ದಕ್ಕಿದ್ದಂತೆ ಸೋಲುತ್ತದೆ. ಮೈಗೆ ಅಂಟಿದ ಉಣುಗನ್ನು, ಅಂದರೆ ಉಣ್ಣೆಯನ್ನು ಕಿತ್ತು ಹಾಕಿದರೆ ಸಾಕು, ಎದ್ದು ಓಡುತ್ತದೆ ಎಂಬ ಮಾತಿದೆ. ಇದು ಅರ್ಧ ಸತ್ಯ. ನಾಯಿಯನ್ನು ವಿದೇಶಕ್ಕೆ ಕರೆದೊಯ್ಯುವವರು, ಅಲ್ಲಿಂದ ಕರೆತರುವವರು ಉಳಿದರ್ಧವನ್ನೂ ತಿಳಿದಿರಬೇಕು.

ಏನಿದು ಟಿಕ್ ಪ್ಯಾರಾಲಿಸಿಸ್?

ಇದು ಸೋಂಕಲ್ಲ, ವಿಷ. ಕೆಲವು ಜಾತಿಯ ಹೆಣ್ಣು ಉಣುಗು ರಕ್ತ ಹೀರುವಾಗ ಅದರ ಜೊಲ್ಲಿನ ವಿಷ ನಾಯಿಯ ಮೈ ಸೇರುತ್ತದೆ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಮೊದಲು ಹಿಂಗಾಲು, ನಂತರ ಮುಂಗಾಲು, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಬೊಗಳುವ ದನಿ ಬದಲಾಗುವುದು, ವಾಂತಿ, ಏದುಸಿರು ಕೂಡ ಲಕ್ಷಣಗಳೇ.

ದೇಶ ಬದಲಾದರೆ ಏನು ವ್ಯತ್ಯಾಸ?

ಉತ್ತರ ಅಮೆರಿಕದಲ್ಲಿ ಇದಕ್ಕೆ ಮುಖ್ಯ ಕಾರಣ ಡರ್ಮಸೆಂಟರ್ ಗುಂಪಿನ ಉಣುಗು. ಅವನ್ನೆಲ್ಲ ತೆಗೆದರೆ ಹೆಚ್ಚಿನ ನಾಯಿಗಳು 1ರಿಂದ 3 ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಇಕ್ಸೋಡಿಸ್ ಹೋಲೋಸೈಕ್ಲಸ್ ಹಾಗಲ್ಲ. ಅದನ್ನು ಕಿತ್ತ ಮೇಲೂ 24ರಿಂದ 48 ಗಂಟೆಗಳವರೆಗೆ ಸ್ಥಿತಿ ಬಿಗಡಾಯಿಸಬಹುದು, ಜೀವವೇ ಹೋಗಬಹುದು. ಅದಕ್ಕೇ ಅಲ್ಲಿನ ವೈದ್ಯರು ವಿಷನಿರೋಧಕ ಸೀರಮ್ ಕೊಡುತ್ತಾರೆ.

ಪ್ರಯಾಣದಲ್ಲಿ ಅಪಾಯವೇನು?

ಕಚ್ಚಿದ ಕೂಡಲೇ ಲಕ್ಷಣ ಕಾಣುವುದಿಲ್ಲ. ಸಾಮಾನ್ಯವಾಗಿ 3ರಿಂದ 5 ದಿನ ಬೇಕು. ವಿಮಾನ ಪ್ರಯಾಣ ಅದಕ್ಕಿಂತ ಬೇಗ ಮುಗಿಯುತ್ತದೆ. ಹೀಗಾಗಿ ಸಿಡ್ನಿಯಲ್ಲಿ ಹತ್ತಿದ ಉಣುಗಿನ ವಿಷ ಬೆಂಗಳೂರಿಗೆ ಬಂದ ಮೇಲೆ ಕೆಲಸ ತೋರಿಸಬಹುದು. ನಮ್ಮಲ್ಲಿನ ಕಂದು ಉಣುಗು ಮುಖ್ಯವಾಗಿ ಎರ್ಲಿಕಿಯಾ, ಬಬೇಸಿಯಾ ಸೋಂಕು ಹರಡುತ್ತದೆ. ಹಾಗಾಗಿ ಪ್ರಯಾಣದ ವಿಷಯ ಹೇಳದಿದ್ದರೆ ವೈದ್ಯರ ಗಮನ ಮೊದಲು ಅತ್ತಲೇ ಹೋಗುವುದು ಸಹಜ.

ನೀವು ಏನು ಮಾಡಬೇಕು?

• ಕಳೆದ ಎರಡು ವಾರ ನಾಯಿ ಎಲ್ಲೆಲ್ಲಿತ್ತು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.
• ಕಿವಿಯೊಳಗೆ, ಕುತ್ತಿಗೆ, ಕಾಲ್ಬೆರಳ ಸಂದಿ, ಬಾಲದ ಬುಡದಲ್ಲಿ ಹುಡುಕಿ. ಒಂದು ಸಿಕ್ಕಿತೆಂದು ನಿಲ್ಲಿಸಬೇಡಿ.
• ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ತೆಗೆದದ್ದನ್ನು ಡಬ್ಬಿಯಲ್ಲಿ ಹಾಕಿ ವೈದ್ಯರಿಗೆ ತೋರಿಸಿ.
• ಕಾಲು ಸೋತ ನಾಯಿಗೆ ಅನ್ನ, ನೀರು ಕೊಡಬೇಡಿ. ನುಂಗಲಾಗದೆ ಶ್ವಾಸಕೋಶಕ್ಕೆ ಹೋಗಬಹುದು.
• ದನಿ ಬದಲಾಗಿ ಕಾಲು ಸೋಲುವುದು ರೇಬೀಸ್‌ನಲ್ಲೂ ಉಂಟು. ಬಾಯಿಗೆ ಕೈ ಹಾಕಬೇಡಿ.
• ಹೊರಡುವ ಮೊದಲೇ ವೈದ್ಯರನ್ನು ಕೇಳಿ ಉಣುಗು ತಡೆಯುವ ಔಷಧಿ ಕೊಡಿಸಿ.

ಉಣುಗು ತೆಗೆಯುವುದು ಚಿಕಿತ್ಸೆಯ ಮೊದಲ ಹೆಜ್ಜೆ ಮಾತ್ರ. ನಾಯಿ ಎದ್ದೀತೆಂದು ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.