ಡ್ರೈಯರ್‌ನಲ್ಲಿ ಒಣಗಿಸಬಾರದ ಬಟ್ಟೆಗಳು

ಡ್ರೈಯರ್ ಎಂಬುದು ತಿರುಗುವ ಡ್ರಮ್‌ನೊಳಗೆ ಬಿಸಿಗಾಳಿ ಹಾಯಿಸಿ ಬಟ್ಟೆಯ ತೇವವನ್ನು ತೆಗೆಯುವ ಯಂತ್ರ. ಭಾರತದ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್‌ಗಳಲ್ಲಿ ಡ್ರೈಯರ್ ಎನಿಸಿಕೊಳ್ಳುವ ಭಾಗವು ಸಾಮಾನ್ಯವಾಗಿ ನೀರನ್ನು ಹಿಂಡುತ್ತದೆಯೇ ಹೊರತು ಬಟ್ಟೆಯನ್ನು ಬಿಸಿ ಮಾಡುವುದಿಲ್ಲ.

ಬಿಸಿಗಾಳಿಯ ಡ್ರೈಯರ್‌ಗೆ ಹಾಕಬಾರದ ಬಟ್ಟೆಗಳು:

* ರೇಷ್ಮೆ: ಬೆಂಗಳೂರಿನ ಉತ್ತರಕ್ಕಿರುವ ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ನೇಯುವಂತಹ ರೇಷ್ಮೆ ಸೀರೆಗಳು ಶಾಖದಿಂದ ಹೊಳಪು ಕಳೆದುಕೊಳ್ಳುತ್ತವೆ, ಉಜ್ಜಾಟದಿಂದ ಜರಿಯ ಎಳೆಗಳು ಕಿತ್ತುಬರುತ್ತವೆ.
* ಉಣ್ಣೆ: ಎಳೆಗಳ ಮೇಲಿನ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ.
* ರಬ್ಬರ್, ಫೋಮ್: ಇವುಗಳಿರುವ ದಿಂಬು, ಕಾಲೊರಸುಗಳು ಕಾದು ಹೊತ್ತಿಕೊಳ್ಳುವ ಅಪಾಯವಿದೆ.
* ಎಣ್ಣೆ ಹೀರಿದ ಮಸಿಬಟ್ಟೆ: ಒಗೆದ ಮೇಲೂ ಉಳಿಯುವ ಅಡುಗೆ ಎಣ್ಣೆಯು ಆಮ್ಲಜನಕದೊಡನೆ ಸೇರಿ ಶಾಖ ಹೊಮ್ಮಿಸುತ್ತದೆ. ಯಂತ್ರ ನಿಂತ ಮೇಲೂ ಬಿಸಿ ಬಟ್ಟೆಯ ರಾಶಿ ತಾನಾಗಿಯೇ ಹೊತ್ತಿಕೊಳ್ಳಬಹುದು.

ಉಡುಪಿನ ಒಳಪಟ್ಟಿಯಲ್ಲಿ ಚೌಕದೊಳಗೆ ವೃತ್ತವಿದ್ದು, ಅದನ್ನು ಅಡ್ಡಗೆರೆಗಳಿಂದ ಹೊಡೆದಿದ್ದರೆ ಡ್ರೈಯರ್ ಬಳಸಬಾರದೆಂದು ಅರ್ಥ.