ಮಂಗ ಸತ್ತರೆ ಊರಿಗೆ ತಿಳಿಸಿ

ಮಕ್ಕಳೇ, ನಮ್ಮ ಮಂಡಗದ್ದೆ ಎಂದೊಡನೆ ನಿಮಗೆ ನೆನಪಾಗುವುದು ಹಕ್ಕಿಗಳು. ಮಳೆಗಾಲದಲ್ಲಿ ತುಂಗಾ ನದಿಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಮರಿಗಳು ಹಾರಿಹೋಗಿ, ಮಳೆ ನಿಂತು, ಕಾಡು ಒಣಗತೊಡಗಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಿರಿಯರು ಇನ್ನೊಂದು ಮಾತು ವಿಚಾರಿಸುತ್ತಾರೆ: ‘ಎಲ್ಲಾದರೂ ಮಂಗ ಸತ್ತಿದೆಯಾ?’

ಈ ಪ್ರಶ್ನೆಯ ಹಿಂದೆ ದೊಡ್ಡ ಕಥೆಯಿದೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜ್ವರ ಬಂತು, ಕೆಲವರು ಬದುಕಲಿಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಸೊಳ್ಳೆಯಿಂದ ಹರಡುವ ಹಳದಿ ಜ್ವರ ಇರಬಹುದೇ ಎಂಬ ಅನುಮಾನ ಮೊದಲು ಮೂಡಿತು. ಹುಡುಕಿದಾಗ ಸಿಕ್ಕಿದ್ದು ಜಗತ್ತಿಗೇ ಹೊಸದಾದ ವೈರಸ್. ಅದನ್ನು ಹರಡುತ್ತಿದ್ದುದು ಸೊಳ್ಳೆಯಲ್ಲ, ಕಾಡಿನ ಉಣುಗು!

ರೋಗಕ್ಕೆ ನಾವು ಇಟ್ಟ ಹೆಸರು ಮಂಗನಕಾಯಿಲೆ. ಪಾಪ, ಮಂಗಕ್ಕೆ ಸುಮ್ಮನೆ ಅಪವಾದ. ಅದೂ ಉಣುಗು ಕಚ್ಚಿಸಿಕೊಂಡ ರೋಗಿಯೇ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗೆ ಉದುರಿ ಸುತ್ತಲೂ ಹರಡುತ್ತವೆ. ಅಲ್ಲಿಗೆ ಸೌದೆಗೋ ದರಗಿಗೋ ಹೋದವರಿಗೆ ಅಪಾಯ.

ಜ್ವರ ಬರುವ ದಾರಿ ತಿಳಿಯುವುದೇ ಅರ್ಧ ಗೆಲುವು. ಒಂದು ಕಾಲಕ್ಕೆ ಅಮೆರಿಕದಲ್ಲಿ ಟೈಫಾಯ್ಡ್, ಅಂದರೆ ವಿಷಮಶೀತ ಜ್ವರ, ಸಾವಿರಾರು ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ವಿಮಾನ ಹಾರಿಸಿದ ರೈಟ್ ಸಹೋದರರಲ್ಲಿ ಹಿರಿಯನಾದ ವಿಲ್ಬರ್ 1912ರಲ್ಲಿ ಅದರಿಂದಲೇ ತೀರಿಕೊಂಡ. ಆಗ ಅವನಿಗೆ 45 ವರ್ಷ. ಆ ಜ್ವರದ ದಾರಿ ಕೊಳಕು ನೀರು, ಕೊಳಕು ಕೈ ಮುಟ್ಟಿದ ಆಹಾರ. 1908ರಲ್ಲಿ ಜೆರ್ಸಿ ನಗರದ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸತೊಡಗಿದರು. ಬೇರೆ ಊರುಗಳೂ ಹಾಗೆಯೇ ಮಾಡಿದವು. ನೀರು ಶುದ್ಧವಾದಂತೆ ಸಾವು ಇಳಿಯಿತು.

ಕಾಡಿಗೆ ಕ್ಲೋರಿನ್ ಹಾಕಲಾಗುವುದಿಲ್ಲ. ಮಂಗನಕಾಯಿಲೆಯ ವೈರಸ್ಸನ್ನೇ ಕೊಲ್ಲುವ ಔಷಧಿಯೂ ಬಂದಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಸಾವಾಯಿತು. ಕಾಡಿಗೆ ಹೋಗಬೇಡಿ ಎನ್ನುವುದು ಸುಲಭ. ಆದರೆ ಒಲೆಗೆ ಸೌದೆ, ಕೊಟ್ಟಿಗೆಗೆ ದರಗು ಬೇಕಲ್ಲ? ನಾನೂ ಚಿಕ್ಕವನಿದ್ದಾಗ ಅಮ್ಮನ ಜೊತೆ ದರಗು ಹೊತ್ತವನೇ.

ಹಾಗಾಗಿ ಡಿಸೆಂಬರಿನಿಂದ ಮೇ ತನಕ ಇಷ್ಟು ಮಾಡಿ. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಆಶಾ ಕಾರ್ಯಕರ್ತೆಯರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಲಿ. ಬಂದೊಡನೆ ಬಿಸಿನೀರು, ಸೋಪಿನಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಜ್ವರ, ವಿಪರೀತ ತಲೆನೋವು, ಮೈಕೈನೋವು ಬಂದರೆ ಆಸ್ಪತ್ರೆಗೆ ಹೋಗಲು ತಡಮಾಡಬಾರದು. ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ರೋಗಿಯನ್ನು ದೂರ ಇಡಬೇಡಿ.

ಮಕ್ಕಳೇ, ನಿಮಗೂ ಒಂದು ಕೆಲಸವಿದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ಓಡಿಬಂದು ಅಜ್ಜನಿಗೋ ಮೇಷ್ಟ್ರಿಗೋ ಹೇಳಿ. ಅವರು ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ. ನಿಮ್ಮ ಒಂದು ಮಾತಿನಿಂದ ಒಂದು ಜೀವ ಉಳಿದೀತು.