ಹಳೆಯ ಮ್ಯಾಕ್‌ನಲ್ಲಿ ಬೇಡದ ನೆಟ್‌ವರ್ಕ್ ಫೈಲುಗಳು

1990ರ ಮ್ಯಾಕಿಂತೋಷ್ ಕ್ಲಾಸಿಕ್‌ಗೆ ಹಾಕಬಹುದಾದ ಗರಿಷ್ಠ ರ್‍ಯಾಮ್ 4 ಎಂಬಿ. ಅದರಲ್ಲಿ ಸಿಸ್ಟಂ 7.5 ಓಡಿಸಿದರೆ ಉಳಿಯುವ ಜಾಗ ಅಷ್ಟಕ್ಕಷ್ಟೇ. ಬೂಟ್ ಆಗುವಾಗ ಪರದೆಯ ಕೆಳಗೆ ಸಾಲಾಗಿ ಮೂಡುವ ಪುಟ್ಟ ಚಿತ್ರಗಳು ಹೆಚ್ಚಾಗಿ ಎಕ್ಸ್‌ಟೆನ್ಷನ್‌ಗಳವು, ಅಂದರೆ ಬೂಟ್ ಆಗುವಾಗಲೇ ಸಿಸ್ಟಂ ಜೊತೆ ಲೋಡ್ ಆಗುವ ಪುಟ್ಟ ತಂತ್ರಾಂಶಗಳವು. ಬಳಸಲಿ ಬಿಡಲಿ, ಮೆಮೊರಿಯಲ್ಲಿ ಅವು ಜಾಗ ಹಿಡಿಯುತ್ತವೆ.

ನೆಟ್‌ವರ್ಕಿಗೆ ಸೇರದೆ ಒಂಟಿಯಾಗಿ ಕೂತ ಯಂತ್ರಕ್ಕೆ ನೆಟ್‌ವರ್ಕಿನ ಫೈಲುಗಳಾದ ಆಪಲ್‌ಶೇರ್, ಫೈಲ್ ಶೇರಿಂಗ್ ಎಕ್ಸ್‌ಟೆನ್ಷನ್, ಮ್ಯಾಕ್‌ಟಿಸಿಪಿ ಯಾವುದೂ ಬೇಕಿಲ್ಲ. ಈಥರ್‌ನೆಟ್ ಕಾರ್ಡೇ ಇಲ್ಲದ ಕಡೆ ಈಥರ್‌ಟಾಕ್ ಇರುವುದಂತೂ ವ್ಯರ್ಥ. ಆದರೆ ಲೋಕಲ್‌ಟಾಕ್ ತಂತಿಯಲ್ಲಿ ಲೇಸರ್‌ರೈಟರ್ ಪ್ರಿಂಟರ್ ಇದ್ದರೆ ಆಪಲ್‌ಟಾಕ್ ಆಫ್ ಮಾಡುವಂತಿಲ್ಲ.

ಮೊದಲು ಶೇರಿಂಗ್ ಸೆಟಪ್‌ನಲ್ಲಿ ಫೈಲ್ ಶೇರಿಂಗ್ ನಿಲ್ಲಿಸಬೇಕು. ಆಮೇಲೆ ಯಂತ್ರ ಶುರುವಾಗುವಾಗ ಸ್ಪೇಸ್ ಬಾರ್ ಒತ್ತಿ ಹಿಡಿದರೆ ಎಕ್ಸ್‌ಟೆನ್ಷನ್ಸ್ ಮ್ಯಾನೇಜರ್ ತೆರೆಯುತ್ತದೆ. ಬೇಡದ್ದರ ಮುಂದಿನ ಗುರುತು ತೆಗೆದರಾಯಿತು. ಫೈಲು ಅಳಿಯುವುದಿಲ್ಲ, ಸಿಸ್ಟಂ ಫೋಲ್ಡರಿನೊಳಗೇ ಬೇರೆ ಫೋಲ್ಡರಿಗೆ ಹೋಗುತ್ತದೆ. ನೇರವಾಗಿ ಟ್ರ್ಯಾಶ್‌ಗೆ ಎಸೆಯುವುದು ದುಡುಕು: ಮೂಲ ಫ್ಲಾಪಿಗಳು ಈಗ ಸುಲಭಕ್ಕೆ ಸಿಗವು. ಯಂತ್ರ ಮೊಂಡಾಟ ಹೂಡಿದರೆ ಶಿಫ್ಟ್ ಒತ್ತಿ ಬೂಟ್ ಮಾಡಬಹುದು. ಆಗ ಯಾವ ಎಕ್ಸ್‌ಟೆನ್ಷನ್ನೂ ಲೋಡ್ ಆಗುವುದಿಲ್ಲ.

ಎಷ್ಟು ಮೆಮೊರಿ ಉಳಿಯಿತು ಎಂಬುದು ಆಪಲ್ ಮೆನುವಿನ ‘ಅಬೌಟ್ ದಿಸ್ ಮ್ಯಾಕಿಂತೋಷ್’ ಕಿಟಕಿಯಲ್ಲಿ, ಸಿಸ್ಟಂ ಸಾಫ್ಟ್‌ವೇರ್ ಎದುರಿನ ಪಟ್ಟಿಯ ಉದ್ದದಲ್ಲೇ ಕಾಣುತ್ತದೆ.